ಅದು ಕೈಕೊಟ್ಟಿತಂತೆ!

ನಿನ್ನೆ ಕೇರಳದ ಗಡಿಯ ನಮ್ಮ ಕಾಸರಗೋಡಿನಲ್ಲಿ, ಬದಿಯಡ್ಕದ ಹತ್ತಿರ ಒಂದು ಮದುವೆ. ಹೋಳಿಗೆ ಎರಡು ಜಾಸ್ತಿಯೇ ಆಗಿತ್ತು. ಊಟ ಮುಗಿಸಿ ಚಪ್ಪರದ ಮೂಲೆಯಲ್ಲಿ ಎಲೆಅಡಿಕೆ ತಟ್ಟೆಯ ಸುತ್ತ ಕೂತಿದ್ದೆವು, ಗಂಡಸರೇ ಏಳೆಂಟು ಜನ. ಮದುಮಗನ ಗೆಳೆಯನೊಬ್ಬನಿಗೆ ಹೋದ ತಿಂಗಳಷ್ಟೇ ಮದುವೆಯಾಗಿದೆ. ಅವನನ್ನು ಗೋಳುಹೊಯ್ದುಕೊಳ್ಳುತ್ತಾ ಮಾತು ಎಲ್ಲೆಲ್ಲಿಗೋ ಹೋಯಿತು. ಎರಡು ವರ್ಷ ಮಕ್ಕಳು ಬೇಡ ಅಂತ ಇದ್ದೇವೆ ಎಂದ ಆ ಹುಡುಗ, ನಾಚಿಕೊಂಡೇ. ನಮ್ಮ ಭಾವನಿಗೆ ಅಷ್ಟು ಸಾಕಾಯಿತು. "ಕಾಂಡೋಮನ್ನೆಲ್ಲ ನಂಬಬೇಡ ಮಾರಾಯ, ಅದು ಕೈಕೊಡುತ್ತದೆ. ನಮ್ಮ ಎರಡನೆಯವನೇ ಸಾಕ್ಷಿ!"

ಎಲ್ಲರೂ ನಕ್ಕರು. ಸಾಕ್ಷಿ ಅಲ್ಲೇ ಆಚೆ ಐಸ್‌ಕ್ರೀಂ ಹಂಚುತ್ತಿದ್ದ.

ನನಗೆ ಸುಮ್ನೆ ಕೂರಲಿಕ್ಕೆ ಬರುವುದಿಲ್ಲ, ನಿಮಗೆ ಗೊತ್ತಲ್ಲ. ಕೇಳಿದೆ.

"ಅದನ್ನು ಎಲ್ಲಿ ಇಟ್ಟಿದ್ದಿರಿ ಭಾವ?"

"ಪರ್ಸಿನಲ್ಲಿ. ಮತ್ತೆ ದೇವರಕೋಣೆಯಲ್ಲಿ ಇಡುವುದಾ?"

"ಎಷ್ಟು ಸಮಯ?"

"ಇತ್ತು, ಒಂದು ಮಳೆಗಾಲ, ಒಂದು ಬೇಸಗೆ."

ಒಂದು ಬೇಸಗೆ! ನಮ್ಮೂರ ಏಪ್ರಿಲ್ ಸೆಕೆಯಲ್ಲಿ, ಪ್ಯಾಂಟಿನ ಹಿಂದಿನ ಕಿಸೆಯಲ್ಲಿ, ಬೈಕಿನ ಸೀಟಿಗೂ ಭಾವನ ಭಾರಕ್ಕೂ ನಡುವೆ. ಆ ಬಡಪಾಯಿ ರಬ್ಬರು ಹುಡಿಯಾಗದೆ ಉಳಿದದ್ದೇ ದೊಡ್ಡದು. ಈಗ ಹೇಳಿ, ಕೈಕೊಟ್ಟದ್ದು ಯಾರು?

ನನ್ನ ಸಿಟ್ಟು ಇಷ್ಟೇ. ಅಡಿಕೆ ಮರಕ್ಕೆ ಹೊತ್ತಿಗೆ ಸರಿಯಾಗಿ ಬೋರ್ಡೋ ಮದ್ದು (ಮೈಲುತುತ್ತು-ಸುಣ್ಣದ ದ್ರಾವಣ) ಬಿಡದೆ ಕೊಳೆರೋಗ ಬಂದರೆ ನಾವು ಬೋರ್ಡೋ ಕೈಕೊಟ್ಟಿತು ಅನ್ನುತ್ತೇವಾ? ಇಲ್ಲ, ಉದಾಸೀನ ಮಾಡಿದೆ ಅಂತ ಒಪ್ಪಿಕೊಳ್ಳುತ್ತೇವೆ. ಇದೊಂದರಲ್ಲಿ ಮಾತ್ರ ತಪ್ಪೆಲ್ಲ ಸಾಮಾನಿನದ್ದು, ಯಜಮಾನರದ್ದು ಎಂತದೂ ಇಲ್ಲ.

ಲೆಕ್ಕವನ್ನೇ ನೋಡಿ. ಪ್ರತಿ ಸಲವೂ ಸರಿಯಾಗಿ ಹಾಕಿದರೆ ಕಾಂಡೋಮ್ 98 ಶೇಕಡಾ ಕೆಲಸ ಮಾಡುತ್ತದೆ. ಅಂದರೆ ನೂರು ಜೋಡಿ ಒಂದು ವರ್ಷ ಬಳಸಿದರೆ ಗರ್ಭ ನಿಲ್ಲುವುದು ಎರಡು ಜೋಡಿಗೆ. ಆದರೆ ಜನ ನಿಜವಾಗಿ ಬಳಸುವ ರೀತಿಯಲ್ಲಿ, ಅಂದರೆ ಒಮ್ಮೆ ಮರೆತು, ಒಮ್ಮೆ ಅರ್ಧದಲ್ಲಿ ಹಾಕಿ, ಒಮ್ಮೆ "ಇವತ್ತೊಂದು ದಿನ ಪರವಾಗಿಲ್ಲ" ಅಂದುಕೊಂಡು ಬಳಸಿದರೆ, ಅದು ಹದಿಮೂರು ಜೋಡಿ ಆಗುತ್ತದೆ. ಆ ಎರಡಕ್ಕೂ ಹದಿಮೂರಕ್ಕೂ ನಡುವೆ ಇರುವ ಹನ್ನೊಂದು ಇದೆಯಲ್ಲ, ಅದೇ ನಮ್ಮ ಭಾವಂದಿರು. ಎಂತದೂ ಬಳಸದಿದ್ದರೆ ನೂರರಲ್ಲಿ ಸುಮಾರು ಎಂಬತ್ತೈದು. ಹಾಗಾಗಿ ಕಾಟಾಚಾರಕ್ಕೆ ಬಳಸಿದರೂ ಅದು ಮರ್ಯಾದೆ ಉಳಿಸುತ್ತದೆ.

ಕೈತೊಳೆಯುವಲ್ಲಿ ಆ ಹುಡುಗ ಮೆಲ್ಲ ಹತ್ತಿರ ಬಂದ. "ಮಾವ, ಎರಡು ಒಟ್ಟಿಗೆ ಹಾಕಿದರೆ ಡಬ್ಬಲ್ ಸೇಫ್ ಅಲ್ವಾ?" ನೋಡಿ, ಇಂಜಿನಿಯರಿಂಗ್ ಓದಿದ ಹುಡುಗ! ಖಂಡಿತ ಅಲ್ಲ ಮಾರಾಯ, ಒಂದಕ್ಕೊಂದು ತಿಕ್ಕಿ ಹರಿಯುವ ಅಪಾಯ ಜಾಸ್ತಿ, ಒಂದೇ ಸಾಕು ಎಂದೆ. ಮತ್ತೆ ನಳ್ಳಿ ಬಿಟ್ಟುಕೊಂಡೇ ಅಷ್ಟೂ ಹೇಳಿದೆ. ಪ್ಯಾಕಿನ ಮೇಲಿನ ತಾರೀಕು ನೋಡು. ಹಲ್ಲಿನಲ್ಲೋ ಕತ್ತರಿಯಲ್ಲೋ ಹರಿಯಬೇಡ. ಆರಂಭಕ್ಕೆ ಮೊದಲೇ ಹಾಕು, ನಡುವೆ ನೆನಪಾದಾಗ ಅಲ್ಲ. ತುದಿಯಲ್ಲಿ ಗಾಳಿ ಉಳಿಯದ ಹಾಗೆ ಬೆರಳಲ್ಲಿ ಹಿಂಡಿ ಹಿಡಿದು ಬುಡದವರೆಗೆ ಬಿಡಿಸು. ಉಲ್ಟಾ ಇಟ್ಟೆ ಅಂತ ಗೊತ್ತಾದರೆ ತಿರುಗಿಸಿ ಹಾಕಬೇಡ, ಬಿಸಾಡಿ ಹೊಸದು ತೆಗೆ. ಮುಗಿದ ಕೂಡಲೇ, ಮೆತ್ತಗಾಗುವ ಮೊದಲೇ, ಬುಡ ಹಿಡಿದುಕೊಂಡು ಹೊರಗೆ ಬಾ. ಹಲವರು ಇಲ್ಲಿಯೇ ತಪ್ಪುತ್ತಾರೆ, ಹಾಗೇ ನಿದ್ದೆ ಹೋಗುತ್ತಾರೆ. ಹುಡುಗ ತಲೆ ಅಲ್ಲಾಡಿಸುತ್ತಾ ಮೂರು ಸಲ ಕೈ ತೊಳೆದ. ಹಿಂದೆ ಕ್ಯೂ ನಿಂತಿತ್ತು.

ಇದನ್ನು ಅವನಿಗೆ ಇಷ್ಟರವರೆಗೆ ಯಾರೂ ಹೇಳಿಲ್ಲ. ಯಾರು ಹೇಳಬೇಕು? ಮೆಡಿಕಲಿನವನು ಪೇಪರಿನಲ್ಲಿ ಸುತ್ತಿ ಕಳ್ಳನೋಟು ಕೊಟ್ಟ ಹಾಗೆ ಕೊಡುತ್ತಾನೆ. ಆಸ್ಪತ್ರೆಯ ಗೋಡೆಯಲ್ಲಿ ಚಿತ್ರ ಹಾಕಿದ್ದಾರೆ, ಅಕ್ಷರ ಎಲ್ಲ ಮಲಯಾಳ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ತಲೆಮಾರಿಗೆ ಬಸ್ಸಿನ ಬೋರ್ಡು ಓದುವಷ್ಟು ಮಲಯಾಳ ಬರುತ್ತದೆ, ಇಂಥ ಸೂಕ್ಷ್ಮ ಓದುವಷ್ಟು ಬರುವುದಿಲ್ಲ. ಪ್ಯಾಕಿನೊಳಗಿನ ಚೀಟಿ ಇಂಗ್ಲಿಷು, ಅದೂ ಇರುವೆ ಸಾಲಿನಷ್ಟು ಸಣ್ಣಕ್ಕೆ. ಗಡಿನಾಡಿನ ಕನ್ನಡಿಗರು ಕನ್ನಡ ಬೋರ್ಡಿಗಾಗಿ ಅಷ್ಟು ಧರಣಿ ಕೂತೆವು, ಈ ಚೀಟಿಗಾಗಿ ಒಬ್ಬನೂ ಕೂರಲಿಲ್ಲ. ನಾನೂ ಸೇರಿ.

ಈಗ ಕೆಲವರು ಬರುತ್ತೀರಿ, ಸರಿಯಾಗಿ ಬಳಸಿದರೂ ಎರಡು ಹೋಗುತ್ತದಲ್ಲ, ಕಾಪರ್-ಟಿ ಒಳ್ಳೆಯದು, ಆಪರೇಷನ್ ಒಳ್ಳೆಯದು ಅಂತ. ಒಳ್ಳೆಯದೇ. ಗರ್ಭ ತಡೆಯುವುದರಲ್ಲಿ ಅವು ಇದಕ್ಕಿಂತ ಗಟ್ಟಿ, ನಾನು ಒಪ್ಪುತ್ತೇನೆ. ಆದರೆ ಆ ಆಪರೇಷನ್ ಯಾರಿಗೆ? ನಿಮಗಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಹೆಂಗಸರಲ್ಲಿ 37.9 ಶೇಕಡಾ ಜನರಿಗೆ ಆಪರೇಷನ್ ಆಗಿದೆ. ಕಾಂಡೋಮ್ 9.5. ಗಂಡಸಿನ ಆಪರೇಷನ್ 0.3. ಸೊನ್ನೆ ಪಾಯಿಂಟ್ ಮೂರು! ಕಾಂಡೋಮ್ ಭರವಸೆಯಿಲ್ಲ ಅಂತ ಭಾವ ಹೇಳುವಾಗ ಮುಂದಿನ ವಾಕ್ಯ ಬಾಯಿಯೊಳಗೇ ಇರುತ್ತದೆ, "ಅವಳಿಗೇ ಮಾಡಿಸಿದರಾಯಿತು." ಮತ್ತೆ ರೋಗ ತಡೆಯುವ ವಿಷಯದಲ್ಲಿ ಕಾಪರ್-ಟಿ, ಆಪರೇಷನ್ ಎರಡೂ ಏನೂ ಮಾಡುವುದಿಲ್ಲ. ಅಲ್ಲಿ ಬೇಕಾಗುವುದು ಇದೇ.

ಇಷ್ಟೆಲ್ಲ ಬರೆದ ಮೇಲೆ ಇನ್ನೊಂದು ಹೇಳದಿದ್ದರೆ ಮೋಸವಾಗುತ್ತದೆ. ನಾನು ರಬ್ಬರಿನವನು. ಇನ್ನೂರು ಚಿಲ್ಲರೆ ಮರ ಇದೆ. ಬೆಳಿಗ್ಗೆ ಎದ್ದು ಟ್ಯಾಪಿಂಗ್ ಮಾಡಿ, ಹಾಲು ಹೆಪ್ಪುಗಟ್ಟಿಸಿ, ಶೀಟು ಮಾಡಿ ಬೆಳೆದವನು. ಕಾಂಡೋಮ್ ಆಗುವುದೂ ಇದೇ ಹಾಲಿನಿಂದ, ಅಂದರೆ ಲೇಟೆಕ್ಸಿನಿಂದ. ನಮ್ಮದೇ ರಾಜ್ಯದ ಆ ತುದಿಯಲ್ಲಿ, ತಿರುವನಂತಪುರದ ಪೇರೂರ್ಕಡದಲ್ಲಿ, ಅದರ ಸರಕಾರಿ ಫ್ಯಾಕ್ಟರಿಯೇ ಇದೆ. 1966ರಲ್ಲಿ ಹಿಂದೂಸ್ಥಾನ್ ಲೇಟೆಕ್ಸ್ ಅಂತ ಶುರುವಾದ ಕಂಪನಿ. ರಬ್ಬರಿಗೆ ಎಣ್ಣೆ ಆಗುವುದಿಲ್ಲ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಂಪಿನ ರಬ್ಬರ್ ವಾಷರಿಗೆ ಆಯಿಲ್ ತಾಗಿದರೆ ಉಬ್ಬಿ ಮೆತ್ತಗಾಗುವುದನ್ನು ಎಷ್ಟು ಸಲ ನೋಡಿದ್ದೇನೆ.

ಅಂಥ ನಾನು, 2001ರಲ್ಲಿ, ಹೊಸದಾಗಿ ಮದುವೆಯಾದವನು, ತೆಂಗಿನೆಣ್ಣೆ ಹಚ್ಚಿದೆ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಊರು ನಮ್ಮ ಕಾಸರಗೋಡು, ತಲೆಗೂ ಅದೇ, ಒಗ್ಗರಣೆಗೂ ಅದೇ. ಬಾಟಲಿ ಹತ್ತಿರದಲ್ಲೇ ಇತ್ತು. ಹರಿದೇ ಹೋಯಿತು. ತೆಂಗಿನೆಣ್ಣೆ, ವ್ಯಾಸಲೀನು, ಬೆಣ್ಣೆ, ಯಾವ ಜಿಡ್ಡು ತಾಗಿದರೂ ಕೆಲವೇ ನಿಮಿಷದಲ್ಲಿ ಲೇಟೆಕ್ಸ್ ಬಲ ಕಳೆದುಕೊಳ್ಳುತ್ತದೆ. ಬೇಕಾದರೆ ನೀರಿನಂಶದ ಜೆಲ್ ಸಿಗುತ್ತದೆ, ಅದನ್ನು ಹಚ್ಚಬಹುದು. ಆಗ ಇದು ತಲೆಗೆ ಹೋಗಲೇ ಇಲ್ಲ. ಈಗಾದರೆ ಹೀಗೆ ಹರಿದಾಗ ಗರ್ಭ ತಡೆಯಲು 72 ಗಂಟೆಯೊಳಗೆ ನುಂಗುವ ಮಾತ್ರೆ ಮೆಡಿಕಲಿನಲ್ಲೇ ಸಿಗುತ್ತದೆ, ಬೇಗ ನುಂಗಿದಷ್ಟೂ ಒಳ್ಳೆಯದು. ನಮಗೆ ಅದೂ ಗೊತ್ತಿರಲಿಲ್ಲ. ಇಪ್ಪತ್ತಮೂರು ದಿನ ನಾವಿಬ್ಬರು ಕ್ಯಾಲೆಂಡರ್ ನೋಡುತ್ತಾ ಕೂತಿದ್ದೆವು. ಇಪ್ಪತ್ತನಾಲ್ಕನೆಯ ದಿನ ಇವಳು ಅಡುಗೆಮನೆಯಿಂದ ಬಂದು "ಮುಟ್ಟಾಯಿತು" ಎಂದಳು, ನಾನು ಅಂಗಳಕ್ಕೆ ಹೋಗಿ ಸುಮ್ನೆ ನಿಂತೆ. ಆ ಇಪ್ಪತ್ತಮೂರು ದಿನದಲ್ಲಿ ನಾನು ಎಷ್ಟು ಸಲ "ಕಂಪನಿಯದ್ದು ಸರಿಯಿಲ್ಲ" ಅಂದಿದ್ದೆನೋ ಲೆಕ್ಕವಿಲ್ಲ.

ಪೋಸ್ಟ್ ಹಾಕುವ ಮೊದಲು ಇವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಬಾಟಲಿ ಹತ್ತಿರದಲ್ಲೇ ಇತ್ತು ಅಂತ ಯಾಕೆ ಬರೆದದ್ದು? ಅಡುಗೆಮನೆಯಿಂದ ಎದ್ದುಹೋಗಿ ತಂದದ್ದು ನೀವು" ಎಂದಳು.

ಹೌದು. ನಾನೇ ತಂದದ್ದು.