ಕೂಗಿ ಬಂದರೆ ವಿಜಯಪುರ ನೋಡಿದ ಹಾಗಲ್ಲ

ನಮ್ಮ ಬೆಂಗಳೂರಿನ ಗೆಳೆಯರು ವಿಜಯಪುರ ನೋಡುವ ರೀತಿ ನನಗೆ ಒಂಚೂರೂ ಹಿಡಿಸುವುದಿಲ್ಲ. ಬೆಳಗ್ಗೆ ರೈಲಿಳಿಯೋದು, ಗೋಳಗುಮ್ಮಟ ಹತ್ತೋದು, 'ಓ...' ಅಂತ ಕೂಗೋದು, ನಾಲ್ಕು ಸೆಲ್ಫಿ, ಮಧ್ಯಾಹ್ನ ಬಾದಾಮಿ ಕಡೆಗೆ. ಆದಿಲ್‌ಶಾಹಿಗಳು ಇನ್ನೂರು ವರ್ಷ ಆಳಿದ ಊರಿಗೆ ಅರ್ಧ ದಿನ!

ಗುಮ್ಮಟ ನೋಡಬೇಡಿ ಅಂತಲ್ಲ. 1656ರಲ್ಲಿ ಮುಗಿದ ಕಟ್ಟಡ, ಸುಮಾರು 44 ಮೀಟರ್ ಅಗಲದ ಗುಮ್ಮಟ, ನಡುವೆ ಒಂದು ಕಂಬವೂ ಇಲ್ಲ. ಕೆಳಗೆ ನಿಂತು ಕತ್ತೆತ್ತಿ ನೋಡಿ. ಒಂದನ್ನೊಂದು ದಾಟಿಹೋಗುವ ಕಮಾನುಗಳು ಚೌಕವನ್ನು ಮೆಲ್ಲಗೆ ಗುಂಡಗೆ ತಿರುಗಿಸಿ ಆ ಭಾರವನ್ನೆಲ್ಲ ಹೊತ್ತಿವೆ. ಆದರೆ ಪಿಸುಮಾತಿನ ಗ್ಯಾಲರಿಯಲ್ಲಿ ಕಿರುಚಿದರೆ ಏನು ಬಂತು? ಬೆಳಗ್ಗೆ ಬೇಗ ಹೋಗಿ, ಗೋಡೆಗೆ ಬಾಯಿಟ್ಟು ಪಿಸುಗುಟ್ಟಿ. ಆಚೆ ಬದಿಯವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಶಾಲಾ ಪ್ರವಾಸದ ಬಸ್ಸು ಬಂದಮೇಲೆ ಮುಗಿಯಿತು ಕಥೆ.

ಗುಮ್ಮಟದ ಮುಂದಿರುವ ನಗಾರಖಾನೆಯಲ್ಲೇ, ಅಂದರೆ ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡದಲ್ಲೇ, ಮ್ಯೂಸಿಯಂ ಇದೆ. ಜನ ಅದರ ಪಕ್ಕದಲ್ಲೇ ದಾಟಿ ಹೋಗ್ತಾರೆ, ಒಳಗೆ ಕಾಲಿಡಲ್ಲ. ಹಳೆಯ ಶಾಸನಗಳು, ಹಸ್ತಪ್ರತಿಗಳು, ಜಮಖಾನೆಗಳು, ಆಯುಧಗಳು ಎಲ್ಲ ಅಲ್ಲಿವೆ. ನನ್ನ ಪ್ರಕಾರ ಊರು ಸುತ್ತುವುದನ್ನು ಇಲ್ಲಿಂದಲೇ ಶುರು ಮಾಡಬೇಕು. ಶುಕ್ರವಾರ ರಜೆ, ನೆನಪಿರಲಿ.

ಇನ್ನು ಇಬ್ರಾಹಿಂ ರೋಜಾ. ನನಗೆ ಕೇಳಿದರೆ ಗುಮ್ಮಟಕ್ಕಿಂತ ಇದೇ ಒಂದು ಕೈ ಮೇಲು. ಎರಡನೇ ಇಬ್ರಾಹಿಂ ಆದಿಲ್‌ಶಾಹ ಮಲಗಿರುವ ಜಾಗ. ಸಂಗೀತದ ಹುಚ್ಚಿದ್ದ ದೊರೆ. 'ಕಿತಾಬ್-ಎ-ನವರಸ್' ಅಂತ ದಖನಿ ಭಾಷೆಯಲ್ಲಿ ಹಾಡುಗಳ ಪುಸ್ತಕವನ್ನೇ ಬರೆದ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿ ಹೊಗಳಿದ. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ! ರೋಜಾದ ಕಿಟಕಿಗಳ ಹತ್ತಿರ ಹೋಗಿ ನಿಲ್ಲಿ. ದೂರದಿಂದ ಬರೀ ಜಾಲಂಧ್ರ ಅನ್ನಿಸುತ್ತೆ. ಹತ್ತಿರದಿಂದ ನೋಡಿದರೆ ಅದು ಅಕ್ಷರ. ಕಲ್ಲನ್ನೇ ಕೊರೆದು ಅರಬ್ಬಿ ಸಾಲುಗಳನ್ನು ಮಾಡಿದ್ದಾರೆ, ಬೆಳಕು ಅವುಗಳ ಸಂದಿಯಿಂದಲೇ ಒಳಗೆ ಬರಬೇಕು. ಇದನ್ನು ಬಿಟ್ಟು ಬಂದವರ ಮೇಲೆ ನನಗೆ ಸಿಟ್ಟೇ ಬರುತ್ತೆ.

ಮಲಿಕ್-ಎ-ಮೈದಾನ್ ತೋಪಿನ ಬಾಯಿಯನ್ನೂ ಸರಿಯಾಗಿ ನೋಡಿ. ಸಿಂಹದ ಹಲ್ಲಿನ ನಡುವೆ ಆನೆ ಸಿಕ್ಕಿಬಿದ್ದಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದಿದ್ದು, ತೂಕ ಸುಮಾರು 55 ಟನ್. 1854ರಲ್ಲಿ ಬ್ರಿಟಿಷರು ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಆ ವ್ಯಾಪಾರ ರದ್ದಾಯ್ತು.

ಬಾರಾ ಕಮಾನಕ್ಕೆ ಸಂಜೆ ಹೋಗಿ. ಎರಡನೇ ಅಲಿ ಆದಿಲ್‌ಶಾಹ 1672ರಲ್ಲಿ ತೀರಿಕೊಂಡ, ಅವನ ಗೋರಿಯ ಕಟ್ಟಡ ಅರ್ಧಕ್ಕೇ ನಿಂತಿತು. ಸೂರಿಲ್ಲದ ಕಮಾನುಗಳಷ್ಟೇ ಉಳಿದಿವೆ. ತಾಜ್ ಬಾವಡಿ ಅನ್ನೋ ಹಳೆಯ ದೊಡ್ಡ ಬಾವಿ, ಗಗನ ಮಹಲ್, ಅಸರ್ ಮಹಲ್ ಅರಮನೆಗಳು ಎಲ್ಲ ಊರೊಳಗೇ ಇವೆ. ಆಟೋದವರ ಜೊತೆ ಮೊದಲೇ ರೇಟು ಮಾತಾಡಿಕೊಳ್ಳಿ.

ಕನಿಷ್ಠ ಎರಡು ದಿನ ಇಟ್ಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಏಪ್ರಿಲ್‌ನಲ್ಲಿ ಹೋಗಿ ಬಿಸಿಲಿಗೆ ಬೆಂದು ಬಂದು ನನ್ನನ್ನು ಬೈದರೆ ನಾನು ಜವಾಬ್ದಾರನಲ್ಲ.