ಬೆಂದ ಪಂದಿಗೆ ಅನುಮಾನ, ಹಸಿ ಸೌತೆಗೆ ನಮಸ್ಕಾರ

ಕೊಡಗಿಗೆ ಬರುವ ಪ್ರವಾಸಿಗರ ಎಚ್ಚರಿಕೆಗೆ ಕೈಮುಗಿಯಬೇಕು. ನೀರಿನ ಬಾಟಲಿಯ ಸೀಲ್ ತಿರುಗಿಸಿ ಮುರುಗಿಸಿ ನೋಡುತ್ತಾರೆ. ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಬಂದರೆ "ಸರಿಯಾಗಿ ಬೆಂದಿದೆಯಾ?" ಅಂತ ವಿಚಾರಣೆ. ಪಾಪ, ಅದು ಒಲೆ ಮೇಲೆ ಕುದ್ದು ಕುದ್ದು, ಕೊನೆಗೆ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಬಿದ್ದು ಕಪ್ಪಾಗಿ ಬಂದಿದೆ. ಅದರಲ್ಲಿ ಹೊಟ್ಟೆ ಕೆಡಿಸುವ ಯಾವ ಇ. ಕೋಲಿ ಬ್ಯಾಕ್ಟೀರಿಯಾ ಬದುಕಿರುತ್ತದೆ ಹೇಳಿ? ವಿಚಾರಣೆ ನಡೆಯುವಾಗಲೇ ಇನ್ನೊಂದು ಕೈ ಸೌತೆಕಾಯಿ ಹೋಳನ್ನು ಬಾಯಿಗೆ ಹಾಕುತ್ತಿರುತ್ತದೆ. ಸಲಾಡ್ ಅಲ್ವಾ, ಆರೋಗ್ಯಕ್ಕೆ ಒಳ್ಳೆಯದು!

ಆ ಸೌತೆಕಾಯಿಯ ಪೂರ್ವಾಶ್ರಮ ನಮ್ಮ ವಾರದ ಸಂತೆ. ಅಲ್ಲಿ ಸೊಪ್ಪಿನ ಸಾಲಿನಲ್ಲಿ ಒಂದು ಬಕೆಟ್ ಇರುತ್ತದೆ. ಬೆಳಗ್ಗೆ ತುಂಬಿದ್ದು. ಕೊತ್ತಂಬರಿ ಕಟ್ಟನ್ನು ಬೇರಿನ ಮಣ್ಣು, ಗೊಬ್ಬರದ ಸಮೇತ ಅದರಲ್ಲಿ ಅದ್ದಿ ಕೊಡವುತ್ತಾರೆ, ಆಮೇಲೆ ಮೂಲಂಗಿ, ಆಮೇಲೆ ಕ್ಯಾರೆಟ್, ನಡುವೆ ನೋಟು ಎಣಿಸಿದ ಕೈ, ಮಧ್ಯಾಹ್ನದ ಹೊತ್ತಿಗೆ ನೀರು ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನೇ ಸೌತೆಕಾಯಿ ಮೇಲೆ ಚಿಮುಕಿಸಿದರೆ ಪಳಪಳ. ನಾವು "ಎಷ್ಟು ಫ್ರೆಶ್ ಆಗಿದೆ ನೋಡಿ" ಅಂತ ಒಂದು ಕೆಜಿ ಜಾಸ್ತಿ ತಗೊಳ್ಳುತ್ತೇವೆ. ಒಂದು ಕಟ್ಟಿಗೆ ಅಂಟಿದ್ದ ಬ್ಯಾಕ್ಟೀರಿಯಾ ಇಡೀ ಸಾಲಿಗೆ ಸಮಪಾಲು. ಇಷ್ಟು ನಿಷ್ಪಕ್ಷಪಾತವಾಗಿ ಹಂಚುವ ಇನ್ನೊಂದು ಸರ್ಕಾರಿ ಯೋಜನೆ ನನಗಂತೂ ಗೊತ್ತಿಲ್ಲ.

ಹೋಟೆಲಿನಲ್ಲಿ ಬೆಳಗ್ಗೆಯೇ ಹೆಚ್ಚಿಟ್ಟರೆ ಮುಗಿಯಿತು. ಬೆಚ್ಚಗಿನ ಜಾಗ, ಒದ್ದೆ ಹೋಳು ಸಿಕ್ಕಿದರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಒಂದು ಇದ್ದದ್ದು 3 ಗಂಟೆಯಲ್ಲಿ 512. (ಮನೆಯಲ್ಲಾದರೆ ಸಿಪ್ಪೆ ತೆಗೆಯುವ ಮೊದಲೇ ನಲ್ಲಿ ನೀರಿನಲ್ಲಿ ಉಜ್ಜಿ ತೊಳೆಯಿರಿ, ಇಲ್ಲದಿದ್ದರೆ ಚಾಕುವೇ ಕೊಳೆಯನ್ನು ಒಳಗೆ ಒಯ್ಯುತ್ತದೆ. ತೊಳೆದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.)

2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿಯಿಂದ 50ಕ್ಕೂ ಹೆಚ್ಚು ಜನ ಸತ್ತರು. ಮೊದಲು ಸ್ಪೇನಿನ ಸೌತೆಕಾಯಿಯನ್ನು ಬೈದರು, ಕೊನೆಗೆ ತನಿಖೆ ಹೋಗಿ ನಿಂತದ್ದು ಮೊಳಕೆ ಬರಿಸಿದ ಮೆಂತ್ಯದ ಹತ್ತಿರ. ನಮ್ಮಲ್ಲಿ ಅಷ್ಟೆಲ್ಲ ತಲೆಬಿಸಿ ಇಲ್ಲ. ಹೊಟ್ಟೆ ಕೆಟ್ಟರೆ ಆರೋಪಿ ಮೊದಲೇ ಗೊತ್ತು: ಪಂದಿ ಕರಿ. ಅದು ತಿನ್ನದವರಿಗೆ "ನೀರು ಬದಲಾಯ್ತಲ್ಲ, ಅದಕ್ಕೆ."

ಸಂತೆಗೆ ಒಂದು ನಲ್ಲಿ ಹಾಕಿಸಿ ಅಂತ ವ್ಯಾಪಾರದವರು ಕೇಳಿಕೊಂಡರು. ಸುಂಕ ಕಟ್ಟುತ್ತಾರೆ, ಕೇಳಬಾರದಾ? ನಲ್ಲಿ ಬರಲಿಲ್ಲ, ಬ್ಯಾನರ್ ಬಂತು. 'ತರಕಾರಿ ತೊಳೆದು ತಿನ್ನಿ', ಕೆಳಗೆ ಕೈಮುಗಿದ ಐದಾರು ಮುಖ. ಮಳೆ ಹಿಡಿದ ಮೇಲೆ ಸೊಪ್ಪಿನ ಅಕ್ಕ ಅದನ್ನು ಬಿಚ್ಚಿ ಅಂಗಡಿ ಮೇಲೆ ಕಟ್ಟಿದ್ದಾರೆ. ಟಾರ್ಪಾಲಿಗಿಂತ ಗಟ್ಟಿಯಂತೆ, ಒಂದು ಹನಿಯೂ ಸೋರುವುದಿಲ್ಲವಂತೆ.