ಬೆರಳುದ್ದದ ಅತ್ತೆ

"ಏನ್ ಅಳಿಯಂದ್ರೇ, ನಾನು ಬೆರಳುದ್ದ ಇವ್ನಾ?"

ನಾನು ಬರೆದ ಚಿತ್ರದ ಹಾಳೆ ಹಿಡಿದು ಅತ್ತೆ ಹೀಗೆ ಕೇಳಿದಾಗ ಮೊದಲು ನನಗೆ ಖುಷಿಯೇ ಆಯಿತು. ಅದು ತಾವೇ ಅಂತ ಅವರಿಗೆ ಗುರುತು ಸಿಕ್ಕಿತಲ್ಲ! ಆಮೇಲೆ ಅವರ ಮುಖ ನೋಡಿದೆ.

ತಪ್ಪು ನನ್ನದಲ್ಲ, ಲೆಕ್ಕದ್ದು. ಮಗಳು ಡ್ರಾಯಿಂಗ್ ಹೈಯರ್ ಪರೀಕ್ಷೆ ಮುಗಿಸಿ ಬಿಸಾಡಿದ ಹಾಳೆ, ಸ್ಕೇಲು, ಪೆನ್ಸಿಲ್ಲು ಮನೆಯಲ್ಲಿ ಸುಮ್ನೆ ಬಿದ್ದಿದ್ದವು. ನನಗೆ ಚಿತ್ರ ಬರುವುದಿಲ್ಲ, ಲೆಕ್ಕ ಬರುತ್ತದೆ. ಲೆಕ್ಕ ಬರೆದೇ ಸಂಬಳ ತಗೊಳ್ಳುವವನು ನಾನು. "ದೂರದ್ದನ್ನ ಚಿಕ್ಕದಾಗಿ ಬರೆಯೋ ಪರ್ಸ್‌ಪೆಕ್ಟಿವ್ ಅಂದ್ರೆ ಬರೀ ಲೆಕ್ಕ ಅಪ್ಪಾ" ಎಂದು ಅವಳು ಅಂದಿದ್ದೇ ತಡ, ಕೂತೇಬಿಟ್ಟೆ.

ಮೊದಲು ಒಂದು ಅಡ್ಡಗೆರೆ. ಅದು ನೋಡುವವನ ಕಣ್ಣಿನ ಎತ್ತರ. ಅದರ ಮೇಲೊಂದು ಚುಕ್ಕಿ. ರೈಲು ಕಂಬಿಯ ಹಾಗೆ ನೆಟ್ಟಗೆ ದೂರ ಹೋಗುವ ಗೆರೆಗಳೆಲ್ಲ ಆ ಚುಕ್ಕಿಗೆ ಸೇರಬೇಕು. ಮುಂದೆ ಒಬ್ಬನನ್ನು ನಿಲ್ಲಿಸಿ, ಅವನ ತಲೆಯಿಂದ ಒಂದು, ಕಾಲಿನಿಂದ ಒಂದು ಗೆರೆಯನ್ನು ಚುಕ್ಕಿಗೆ ಎಳೆಯಿರಿ. ಅವನ ಹಿಂದೆ ಸಾಲಾಗಿ ನಿಂತ ಅಷ್ಟೇ ಎತ್ತರದವರೆಲ್ಲ ಆ ಎರಡು ಗೆರೆಗಳ ನಡುವೆಯೇ ಹಿಡಿಯಬೇಕು. ಎರಡರಷ್ಟು ದೂರಕ್ಕೆ ಅರ್ಧ ಎತ್ತರ, ಮೂರರಷ್ಟು ದೂರಕ್ಕೆ ಮೂರರಲ್ಲೊಂದು ಪಾಲು.

ಇಟಲಿಯ ಲಿಯೊನ್ ಬಟಿಸ್ಟಾ ಆಲ್ಬರ್ಟಿ ಎಂಬಾತ 1435ರಲ್ಲೇ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಚರ್ಚಿನಲ್ಲಿ ಓಡಾಡುವವರ ತಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕಾಣುತ್ತವೆ, ದೂರ ಇರುವವರ ಪಾದ ಮಾತ್ರ ಹತ್ತಿರದವರ ಮಂಡಿಯ ಮಟ್ಟಕ್ಕೆ ಬರುತ್ತದೆ ಅಂತಾನೆ. ನನಗೆ ಚರ್ಚ್ ಯಾಕೆ? ಮಂಡ್ಯ ಸ್ಟೇಷನ್ನಿನ ಪ್ಲಾಟ್‌ಫಾರಂ ಇದೆಯಲ್ಲ. ಮೈಸೂರಿಗೆ ಕೆಲಸಕ್ಕೆ ಹೋಗಲು ದಿನಾ ಅಲ್ಲೇ ನಿಲ್ಲುತ್ತೇನೆ. ನೋಡಿದರೆ ಆಲ್ಬರ್ಟಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ! ಹತ್ತಿರ ನಿಂತಿದ್ದ ಒಬ್ಬರ ಮಂಡಿಯನ್ನೇ ಬಿಡದೆ ನೋಡುತ್ತಿದ್ದೆ ಅಂತ ಕಾಣುತ್ತೆ. "ಯಾಕ್ ಸಾ, ಪ್ಯಾಂಟ್‌ಗೆ ಏನಾರ ಅಂಟ್ಕಂಡದಾ?" ಅಂದರು.

ಮಾರನೆಯ ದಿನ ಬೆಂಚಿನ ಮೇಲೆ ಕೂತು ಬರೆಯಲು ಶುರು ಮಾಡಿದೆ. ಕೂತವನ ಕಣ್ಣು ನಿಂತವರ ಎದೆಯ ಮಟ್ಟಕ್ಕಿರುತ್ತದೆ. ಹಾಗಾಗಿ ಅಡ್ಡಗೆರೆ ಎಲ್ಲರ ಎದೆಯ ಮೇಲೆ ಹಾದುಹೋಯಿತು. ನಾಲ್ಕು ಜನ ಚೆನ್ನಾಗಿಯೇ ಬಂದರು. ಅಷ್ಟರಲ್ಲಿ ಮದ್ದೂರು ವಡೆಯವನು ಬಂದ. ಎದ್ದು ತಗೊಂಡೆ, ನಿಂತೇ ತಿಂದೆ, ಎಣ್ಣೆ ಕೈ ಒರೆಸಿಕೊಂಡು ನಿಂತೇ ಮುಂದುವರಿಸಿದೆ. ನಿಂತಾಗ ಎಲ್ಲರ ತಲೆಯೂ ನನ್ನ ಕಣ್ಣಿನ ಮಟ್ಟಕ್ಕೇ ಬಂದವು. ಸರಿ ಅಂತ ಉಳಿದ ಮೂವರ ತಲೆಗಳನ್ನು ಹಳೆಯ ಗೆರೆಯ ಮೇಲೇ ಕೂರಿಸಿ, ಅಲ್ಲಿಂದ ಕೆಳಕ್ಕೆ ಮೈ ಇಳಿಬಿಟ್ಟೆ. ಪಾದಗಳು ಎಲ್ಲೋ ಪ್ಲಾಟ್‌ಫಾರಂ ಒಳಗೆ ಹೋದವು. ರೈಲಿನಲ್ಲಿ ಜೊತೆಗೆ ಬರುವ ಗೆಳೆಯ ನೋಡಿ, "ಏನಣ್ಣ, ಪ್ಲಾಟ್‌ಫಾರಂನಲ್ಲೂ ಯುಜಿಡಿ ಚರಂಡಿಗೆ ಗುಂಡಿ ತೋಡವ್ರಾ?" ಅಂದ.

ಇನ್ನು ನಿಂತೇ ಬರೆಯಬೇಕು, ತಿಂಡಿ ಮುಗಿಸಿಯೇ ಬರೆಯಬೇಕು ಅಂತ ತೀರ್ಮಾನಿಸಿ, ಭಾನುವಾರ ಮನೆಯವರನ್ನೆಲ್ಲ ನಾಲೆ ಏರಿಗೆ ಕರೆದುಕೊಂಡು ಹೋದೆ. ಹೆಜ್ಜೆ ಹಾಕಿ ಅಳೆದೆ. ಹತ್ತು ಹೆಜ್ಜೆಗೆ ಹೆಂಡತಿ. ಮೂವತ್ತು ಹೆಜ್ಜೆಗೆ, ಹುಣಸೆ ಮರದ ನೆರಳಿನಲ್ಲಿ, ಅತ್ತೆ. ಬಿಸಿಲು ಬೇಡ ಅಂತ ಅಲ್ಲಿ ನಿಲ್ಲಿಸಿದ್ದು, ದೇವರಾಣೆ ಬೇರೆ ಉದ್ದೇಶ ಇರಲಿಲ್ಲ. ಇಬ್ಬರದ್ದೂ ಒಂದೇ ಎತ್ತರ. ಹೆಂಡತಿ 18 ಸೆಂಟಿಮೀಟರ್ ಬಂದಳು. ಅತ್ತೆ ಸೂತ್ರದ ಪ್ರಕಾರ 6. ಮಧ್ಯೆ, ಹದಿನೈದು ಹೆಜ್ಜೆಯಲ್ಲಿ, ಯಾರದೋ ಎಮ್ಮೆ ಮೇಯುತ್ತಿತ್ತು. ಅದು 10 ಸೆಂಟಿಮೀಟರ್ ಬಂತು. ಎಮ್ಮೆಯನ್ನು ಬಿಟ್ಟುಬಿಡಬಹುದಿತ್ತು. ಆದರೆ ಇಡೀ ಚಿತ್ರದಲ್ಲಿ ಚೆನ್ನಾಗಿ ಬಂದಿದ್ದು ಅದೊಂದೇ.

"ದೂರ ಇದ್ರಲ್ಲ ಅತ್ತೆ, ಲೆಕ್ಕ ಹಾಕಿದ್ರೆ ಹಾಗೇ ಬರೋದು" ಅಂದೆ.

ಅವರು ಮಾತಾಡದೆ ನನ್ನನ್ನು ದೇವರ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಮೈಸೂರು ಶೈಲಿಯ ಶ್ರೀರಾಮ ಪಟ್ಟಾಭಿಷೇಕದ ಪಟ ಇದೆ. ನಡುವೆ ದೊಡ್ಡದಾಗಿ ರಾಮ. ಕಾಲಬುಡದಲ್ಲಿ, ನಮಗೆ ಎಲ್ಲರಿಗಿಂತ ಹತ್ತಿರದಲ್ಲಿ, ಪುಟ್ಟ ಹನುಮಂತ. "ನೋಡಿ, ದೊಡ್ಡೋರ್ನ ದೊಡ್ಡದಾಗೇ ಬರ್ದವ್ರೆ. ಇವ್ರಿಗೆ ಲೆಕ್ಕ ಬತ್ತಿರ್ಲಿಲ್ವಾ?"

ಆಲ್ಬರ್ಟಿ ಹೆಸರು ಎತ್ತಿದೆ.

"ಆವಯ್ಯ ಅವ್ರತ್ತೇನ ಹಿಂಗೇ ಬರ್ದಿದ್ನಾ?"

ಆತ ಚರ್ಚಿನ ದೀಕ್ಷೆ ತಗೊಂಡವನು, ಮದುವೆಯೇ ಆಗಿರಲಿಲ್ಲ. ಅಷ್ಟು ಧೈರ್ಯವಾಗಿ ಹೇಗೆ ಬರೆದ ಅನ್ನೋದು ನನಗೆ ಆಗ ಹೊಳೆಯಿತು.

ಮುಂದಿನ ಭಾನುವಾರ ಅತ್ತೆ ತಾವೇ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದರು. ನನ್ನಿಂದ ಮೂರೇ ಹೆಜ್ಜೆಗೆ ಹಾಕಿಕೊಂಡು ಕೂತರು. ಎಮ್ಮೆಯನ್ನು ಆಚೆ ಓಡಿಸಿದರು. ಹೆಂಡತಿ ಹಿಂದೆ ಹೋಗಿ ಹುಣಸೆ ಮರದ ಕೆಳಗೆ ನಿಂತಳು. ಅತ್ತೆ ಹಾಳೆಯ ತುಂಬ ಬಂದರು, ಸೆರಗಿನ ಅಂಚು ಕೂಡ ಎಣಿಸುವ ಹಾಗೆ. ಅವರಿಗೆ ತೃಪ್ತಿಯಾಯಿತು.

ಸಂಜೆ ಕಾಫಿ ತಂದ ಹೆಂಡತಿ ಚಿತ್ರವನ್ನು ದೀಪದ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದಳು.

"ರೀ, ನಮ್ಮಮ್ಮನ ಭುಜದ ಮೇಲೆ ಯಾಕ್ರೀ ಗಿಣಿ ಬರ್ದಿದ್ದೀರಾ?"